ವಿದ್ಯಾರ್ಥಿಗಳು ಗುಂಪು ಕಟ್ಟುವುದೇಕೆ?

ನಮ್ಮ ಸಂಘದ ಸ್ಮರಣ ಸಂಚಿಕೆಯ ಸಂಪಾದಕರು ಈ ವರ್ಷ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ನನಗೆ ತುಸು ಆಶ್ಚರ್ಯವೇ ಆಯಿತು. ನಾನು ವೈದ್ಯನಲ್ಲ, ವಾಣಿಜ್ಯ ಪದವಿಯನ್ನು ಪಡೆದು, ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನಲ್ಲಿ ಲೆಕ್ಕಪತ್ರ, ಸಾಲ, ಜಾಮೀನುಗಳ ನಡುವೆ ಕಾಲ ಕಳೆದವನು. ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮೊದಲಾದವುಗಳ ವಿಷಯವನ್ನು ನಮ್ಮ ಸಂಘದ ವೈದ್ಯ ಸದಸ್ಯರು ನನಗಿಂತ ಚೆನ್ನಾಗಿ ಬರೆಯಬಲ್ಲರು, ಬರೆದೂ ಇದ್ದಾರೆ. ಆದರೆ ಎರಡು ವರ್ಷಗಳಿಂದ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವ ವಿಷಯವೊಂದಿದೆ. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಕೆಲವೇ ದಿನಗಳಲ್ಲಿ ಗುಂಪು ಗುಂಪುಗಳಾಗುತ್ತಾರಲ್ಲ, ಅದು ಏಕೆ ಎಂಬುದೇ ಆ ವಿಷಯ. ಮೇಲ್ನೋಟಕ್ಕೆ ಇದು ಸಮಾಜಶಾಸ್ತ್ರದವರು ಬಿಡಿಸಬೇಕಾದ ಪ್ರಶ್ನೆಯೆಂದು ತೋರಬಹುದು. ಇದು ಆರೋಗ್ಯದ ಪ್ರಶ್ನೆಯೂ ಹೌದೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆನು.

ನನ್ನ ವಾಸ ಬಾಲಿಗಂಜಿನಲ್ಲಿ. ಬಾಲಿಗಂಜ್ ಸರ್ಕ್ಯುಲರ್ ರಸ್ತೆಯಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿರುವ ಆವರಣವೊಂದಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಮಾನವಶಾಸ್ತ್ರ ಮೊದಲಾದ ವಿಷಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ. ದಾಖಲೆಗಳಲ್ಲಿ ಅದರ ಹೆಸರು ತಾರಕನಾಥ ಪಾಲಿತ್ ಶಿಕ್ಷಾ ಪ್ರಾಂಗಣ. ಆದರೆ ಆಟೋದವನಿಗೆ ಬಾಲಿಗಂಜ್ ಸೈನ್ಸ್ ಕಾಲೇಜು ಎಂದರೆ ಮಾತ್ರ ತಿಳಿಯುತ್ತದೆ. 1912ರಲ್ಲಿ ವಕೀಲರಾದ ಪಾಲಿತರು ವಿಜ್ಞಾನ ಶಿಕ್ಷಣಕ್ಕಾಗಿ ವಿಶ್ವವಿದ್ಯಾಲಯಕ್ಕೆ ದೊಡ್ಡ ದಾನವನ್ನಿತ್ತರು. ಅವರ ಹೆಸರಿನ ಪ್ರಾಧ್ಯಾಪಕ ಪೀಠಕ್ಕೆ 1917ರಲ್ಲಿ ಬಂದವರು, ಸರಕಾರದ ಹಣಕಾಸು ಇಲಾಖೆಯ ಒಳ್ಳೆಯ ಹುದ್ದೆಯನ್ನು ತೊರೆದ ಸಿ. ವಿ. ರಾಮನ್. ಲೆಕ್ಕಪತ್ರದ ವೃತ್ತಿಯವನಾದ ನನಗೆ ಈ ಸಂಗತಿಯನ್ನು ಎಲ್ಲಿ ಅವಕಾಶ ಸಿಕ್ಕರೂ ಹೇಳುವ ಚಪಲವುಂಟು, ಓದುಗರು ಮನ್ನಿಸಬೇಕು.

ಸಂಜೆ ಕಚೇರಿಯಿಂದ ಹಿಂದಿರುಗುವಾಗ ಆ ಭಾಗದ ಚಹಾ ಅಂಗಡಿಗಳ ಮುಂದೆ ಹಾದುಬರುವುದು ನನ್ನ ರೂಢಿ. ಜುಲೈ ಆಗಸ್ಟ್ ತಿಂಗಳಲ್ಲಿ ಹೊಸ ಮುಖಗಳು ಒಬ್ಬೊಬ್ಬರಾಗಿ, ಕೈಯಲ್ಲಿ ಮೊಬೈಲನ್ನು ಹಿಡಿದು, ಅದರಲ್ಲಿ ಏನೋ ತುರ್ತು ಕೆಲಸವಿರುವವರಂತೆ ನಿಂತಿರುತ್ತಾರೆ. ದುರ್ಗಾಪೂಜೆಯ ರಜೆ ಬರುವಷ್ಟರಲ್ಲಿ ಅವೇ ಮುಖಗಳು ಐದಾರು ಜನರ ವೃತ್ತಗಳಾಗಿ, ಮಣ್ಣಿನ ಕುಡಿಕೆಗಳನ್ನು ಹಿಡಿದು, ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುತ್ತವೆ. ಈ ಎರಡು ತಿಂಗಳುಗಳಲ್ಲಿ ನಡೆದುದೇನು?

ಬಂಗಾಳಿಗಳನ್ನು ಕೇಳಿದರೆ ಒಂದೇ ಪದದಲ್ಲಿ ಉತ್ತರಿಸುತ್ತಾರೆ: ಅಡ್ಡಾ. ನಮ್ಮ ಕಡೆ ಈ ಮಾತಿಗೆ ಅಷ್ಟೇನೂ ಗೌರವವಿಲ್ಲ. ಜೂಜಿನವರೋ ಪುಂಡರೋ ಸೇರುವ ಜಾಗವೆಂಬ ಅರ್ಥ ಕೂಡಲೇ ಹೊಳೆಯುತ್ತದೆ. ಇಲ್ಲಿ ಹಾಗಲ್ಲ. ಗೊತ್ತುಗುರಿಯಿಲ್ಲದ, ಲಾಭನಷ್ಟದ ಎಣಿಕೆಯಿಲ್ಲದ, ದಿನದಿನವೂ ಅದೇ ಜನರೊಡನೆ ಅದೇ ಸ್ಥಳದಲ್ಲಿ ನಡೆಯುವ ಹರಟೆಗೆ ಇಲ್ಲಿ ಸಂಸ್ಕೃತಿಯ ಸ್ಥಾನವಿದೆ. ಇದರಲ್ಲಿ ವಿದ್ಯಾರ್ಥಿಗಳ ಪಾಲು ಬಹಳ ಹಳೆಯದು. ಹಿಂದೂ ಕಾಲೇಜಿನ ತರುಣ ಅಧ್ಯಾಪಕ ಡಿರೋಜಿಯೊ 1828ರಲ್ಲಿ ತನ್ನ ಶಿಷ್ಯರನ್ನು ಕೂಡಿಸಿಕೊಂಡು ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟವನ್ನು ಕಟ್ಟಿದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. 1831ರಲ್ಲಿ ಕಾಲೇಜಿನವರು ಅವನನ್ನು ಹೊರಗೆ ಹಾಕಿದರು. ಅದೇ ವರ್ಷದ ಕೊನೆಯಲ್ಲಿ ಅವನು ತೀರಿಕೊಂಡನು. ಗುರುವು ಹೋದರೂ ಗುಂಪು ಉಳಿಯಿತು. ‘ಯಂಗ್ ಬೆಂಗಾಲ್’ ಎಂದು ಚರಿತ್ರೆಯ ಪುಸ್ತಕಗಳಲ್ಲಿ ಬರುವವರು ಈ ಹುಡುಗರೇ. ಕಾಲೇಜ್ ಸ್ಟ್ರೀಟಿನ ಆಲ್ಬರ್ಟ್ ಹಾಲಿನಲ್ಲಿ 1942ರಲ್ಲಿ ಕಾಫಿ ಮಂಡಳಿಯವರು ತೆರೆದ ಕಾಫಿ ಹೌಸು ಮುಂದೆ ಕಾರ್ಮಿಕರ ಸಹಕಾರ ಸಂಘದ ಕೈಗೆ ಬಂದು ಇಂದಿಗೂ ನಡೆಯುತ್ತಿದೆ. ಕೊಡಗು, ಚಿಕ್ಕಮಗಳೂರುಗಳ ಬೆಟ್ಟದಲ್ಲಿ ಬೆಳೆದ ಬೀಜವು ಬಂಗಾಳಿ ವಿದ್ಯಾರ್ಥಿಗಳ ಅಡ್ಡಾಕ್ಕೆ ಒದಗಿಬಂದುದು ಕನ್ನಡಿಗರಾದ ನಮಗೆ ಸಂತೋಷದ ಮಾತೇ ಸರಿ.

ನಮ್ಮಲ್ಲಿಯೂ ಇಂಥ ಕೂಟಗಳಿಗೆ ಕೊರತೆಯಿರಲಿಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಕೂಟಕ್ಕೆ ಹೆಸರೇ ‘ಗೆಳೆಯರ ಗುಂಪು’. ವಿದ್ಯಾರ್ಥಿಯಾಗಿದ್ದ ಗೋಕಾಕರು ಆ ಬಳಗಕ್ಕೆ ಸೇರಿದುದರಿಂದ ಕನ್ನಡಕ್ಕೆ ಆದ ಲಾಭವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ದಂಥ ಪತ್ರಿಕೆಯೇ ಹುಟ್ಟಿತು. 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನಿಂದ ಇದೇ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಾಗ, ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದುದು ಪ್ರಸಿದ್ಧವಾದ ಕಥೆ. ಒಬ್ಬೊಬ್ಬನೇ ಇದ್ದರೆ ನಾಚಿಕೆಯಿಂದ ಮಾಡದೆ ಬಿಡುತ್ತಿದ್ದುದನ್ನು ತರುಣರು ಗುಂಪಾಗಿ ಮಾಡಿಬಿಡುತ್ತಾರೆ. ಒಳ್ಳೆಯದನ್ನೂ ಹಾಗೆಯೇ, ಕೆಟ್ಟದ್ದನ್ನೂ ಹಾಗೆಯೇ. ಕೆಟ್ಟದ್ದರ ಮಾತು ಮುಂದೆ ಬರುತ್ತದೆ.

ಈಗ ನನ್ನ ತಪ್ಪಿನ ವಿಷಯ. ಎರಡು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ನಮ್ಮೂರಿನ ಹಿರಿಯರೊಬ್ಬರ ಮಗನಿಗೆ ಈ ನಗರದ ವಿದ್ಯಾಸಂಸ್ಥೆಯೊಂದರಲ್ಲಿ ಎಂ.ಎಸ್ಸಿ. ಓದಲು ಸ್ಥಳ ದೊರೆಯಿತು. ಹಾಸ್ಟೆಲಿನಲ್ಲಿ ಜಾಗ ಸಿಕ್ಕಲಿಲ್ಲ. ಒಬ್ಬ ವೃದ್ಧ ಮಹಿಳೆಯ ಮನೆಯ ಮೇಲಂತಸ್ತಿನಲ್ಲಿ ಕೋಣೆ ಹಿಡಿದನು. ತಂದೆಯವರು ಫೋನಿನಲ್ಲಿ, “ತಮ್ಮಾ, ಹುಡುಗನ ಕಡೆ ಸ್ವಲ್ಪ ಲಕ್ಷ್ಯ ಇರಲಿ, ಅವಂಗ ಭಾಷಾನೂ ಬರೂದಿಲ್ಲ, ಮಂದೀನೂ ಗೊತ್ತಿಲ್ಲ” ಎಂದರು. “ನೀವು ಚಿಂತಿ ಮಾಡಬ್ಯಾಡ್ರಿ, ನಾನದೀನಿ” ಎಂದು ನಾನು ಭರವಸೆ ಕೊಟ್ಟೆನು. ಹುಡುಗನು ಒಂದು ಭಾನುವಾರ ಮನೆಗೆ ಬಂದು ಊಟ ಮಾಡಿ ಹೋದನು. “ಏನಾದರೂ ಬೇಕಾದರೆ ಫೋನ್ ಮಾಡಪ್ಪಾ” ಎಂದೆನು. ಅಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತೆಂದು ತಿಳಿದೆನು. ಮುಂದೆ ಏಳು ವಾರಗಳ ಕಾಲ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅರ್ಧವಾರ್ಷಿಕ ಲೆಕ್ಕದ ಮುಕ್ತಾಯ, ಲೆಕ್ಕಪರಿಶೋಧನೆ, ನೆವಗಳಿಗೆ ನನ್ನಲ್ಲೇನೂ ಬರವಿರಲಿಲ್ಲ.

ಅಕ್ಟೋಬರಿನ ಒಂದು ರಾತ್ರಿ ಆ ಮನೆಯೊಡತಿ ಅವನ ಫೋನಿನಿಂದಲೇ ನನಗೆ ಕರೆ ಮಾಡಿದರು. ಹುಡುಗನಿಗೆ ಜ್ವರ ಬಂದು ಐದು ದಿನಗಳಾಗಿದ್ದುವು. ನಾಲ್ಕು ದಿನ ಕೋಣೆಯ ಬಾಗಿಲು ಹಾಕಿಕೊಂಡೇ ಮಲಗಿದ್ದನು. ಅಂಗಡಿಯಿಂದ ತಾನೇ ಯಾವುದೋ ನೋವಿನ ಮಾತ್ರೆಯನ್ನು ತಂದು ನುಂಗುತ್ತಿದ್ದನು. ಐದನೆಯ ದಿನ ಜ್ವರ ಇಳಿಯಿತು. ‘ಇನ್ನು ವಾಸಿಯಾಯಿತು’ ಎಂದು ತಿಳಿದನು. ಸಂಜೆಗೆ ಹೊಟ್ಟೆನೋವು, ಬಿಡದ ವಾಂತಿ. ಆಸ್ಪತ್ರೆಯಲ್ಲಿ ಡೆಂಗಿ ಎಂದು ಗೊತ್ತಾಯಿತು. ಹನ್ನೊಂದು ದಿನ ಅಲ್ಲಿದ್ದು ಬದುಕಿ ಬಂದನು.

ಡೆಂಗಿಯ ವಿಷಯದಲ್ಲಿ ವೈದ್ಯರು ನನಗೆ ಹೇಳಿದ ಮಾತನ್ನು ಇಲ್ಲಿ ಬರೆಯುವುದು ಉಪಯುಕ್ತ. ಈ ಕಾಯಿಲೆಯಲ್ಲಿ ಅಪಾಯದ ಘಟ್ಟವು ಬರುವುದು ಜ್ವರ ಏರಿದಾಗಲ್ಲ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲಿ. ಆಗ ರಕ್ತನಾಳಗಳಿಂದ ದ್ರವಾಂಶ ಸೋರಿಹೋಗಿ ರಕ್ತದೊತ್ತಡ ಕುಸಿಯಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವ ಭಯವಿರುವುದರಿಂದ ಅವನ್ನು ಕೊಡಬಾರದು. ಇದನ್ನೆಲ್ಲ ಗಮನಿಸಲು ರೋಗಿಯ ಪಕ್ಕದಲ್ಲಿ ಇನ್ನೊಬ್ಬರು ಬೇಕು. “ಇವನಿಗೆ ಸ್ನೇಹಿತರು ಇಲ್ಲವೇ?” ಎಂದು ಆ ವೈದ್ಯರು ನನ್ನನ್ನು ಕೇಳಿದರು. ಆ ಪ್ರಶ್ನೆಯೇ ಈ ಲೇಖನದ ಮೂಲ.

ಅಲ್ಲಿಂದ ಮುಂದೆ, ಗುಂಪು ಹುಟ್ಟುವ ಬಗೆಯನ್ನು ಕುರಿತು ಕೈಗೆ ಸಿಕ್ಕಿದ ಬರಹಗಳನ್ನು ಓದತೊಡಗಿದೆನು. ಸಮಾನ ಅಭಿರುಚಿ, ಸಮಾನ ಆದರ್ಶಗಳಿಂದ ಸ್ನೇಹ ಹುಟ್ಟುತ್ತದೆಂಬುದು ನನ್ನ ನಂಬಿಕೆಯಾಗಿತ್ತು. ಸಂಶೋಧಕರು ತೋರಿಸಿರುವ ಮೊದಲ ಕಾರಣ ಇದಕ್ಕಿಂತ ಬಹಳ ಸಾಮಾನ್ಯವಾದುದು. ಅದು ಬಾಗಿಲಿನಿಂದ ಬಾಗಿಲಿಗೆ ಇರುವ ದೂರ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಫೆಸ್ಟಿಂಗರ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಹೆಸರುವಾಸಿಯಾಗಿದೆ. ಅಲ್ಲಿನವರಿಗೆ ಮನೆಗಳನ್ನು ಹಂಚಿದುದು ಅವರ ಇಷ್ಟದಂತಲ್ಲ, ಖಾಲಿಯಾದಂತೆ. ಆದರೂ ಒಂದೇ ಅಂತಸ್ತಿನ ಪಕ್ಕದ ಮನೆಯವರಲ್ಲಿ ನೂರಕ್ಕೆ 41 ಮಂದಿ ಹತ್ತಿರದ ಸ್ನೇಹಿತರಾಗಿದ್ದರು. ಎರಡು ಬಾಗಿಲುಗಳಾಚೆಯವರಲ್ಲಿ 22. ಅಂತಸ್ತಿನ ಎರಡು ತುದಿಗಳವರಲ್ಲಿ ಕೇವಲ 10. ಸ್ನೇಹವನ್ನು ನಾವು ಆರಿಸಿಕೊಂಡೆವೆಂದು ಹೆಮ್ಮೆಪಡುತ್ತೇವೆ. ಬಹುಮಟ್ಟಿಗೆ ಕೋಣೆ ಹಂಚುವ ಗುಮಾಸ್ತನು ಆರಿಸಿರುತ್ತಾನೆ. ನಾನು ಧಾರವಾಡದ ಸಪ್ತಾಪುರದಲ್ಲಿ ಬಿ.ಕಾಂ. ವಿದ್ಯಾರ್ಥಿಯಾಗಿ ಕೋಣೆ ಮಾಡಿಕೊಂಡಿದ್ದಾಗ ನನ್ನ ಆಪ್ತರಾದವರು ಸಹಪಾಠಿಗಳಲ್ಲ. ಅದೇ ಖಾನಾವಳಿಯ ಅದೇ ಪಂಕ್ತಿಯಲ್ಲಿ ರೊಟ್ಟಿಗಾಗಿ ಕಾಯುತ್ತಿದ್ದವರು. ಒಬ್ಬನು ಕೃಷಿ ಓದುತ್ತಿದ್ದನು, ಇನ್ನೊಬ್ಬನು ಸಂಗೀತ. ಇಂದಿಗೂ ಅವರೇ ನನ್ನ ಗೆಳೆಯರು.

ಎರಡನೆಯ ಕಾರಣ ಭಯ. ಈ ಮಾತನ್ನು ಹೇಳಿದರೆ ತರುಣರು ಒಪ್ಪುವುದಿಲ್ಲ. ಶಾಕ್ಟರ್ ಎಂಬ ಮನೋವಿಜ್ಞಾನಿ 1959ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿನಿಯರ ಒಂದು ತಂಡಕ್ಕೆ ನೋವಾಗುವಂಥ ವಿದ್ಯುತ್ ಆಘಾತವನ್ನು ಕೊಡಲಾಗುವುದೆಂದೂ ಇನ್ನೊಂದು ತಂಡಕ್ಕೆ ಕಚಗುಳಿಯಿಟ್ಟಷ್ಟು ಮಾತ್ರವೆಂದೂ ಹೇಳಿದರು. ಸ್ವಲ್ಪ ಹೊತ್ತು ಕಾಯಬೇಕು, ಒಬ್ಬರೇ ಕಾಯುವಿರೋ ಇತರರೊಡನೆಯೋ ಎಂದು ಕೇಳಿದಾಗ, ಹೆದರಿದವರಲ್ಲಿ 32ರಲ್ಲಿ 20 ಮಂದಿ ಜೊತೆಯನ್ನು ಬಯಸಿದರು. ಹೆದರದವರಲ್ಲಿ 30ರಲ್ಲಿ 10 ಮಂದಿ ಮಾತ್ರ. ಆಘಾತವನ್ನೇನೂ ಯಾರಿಗೂ ಕೊಡಲಿಲ್ಲ. ಇದಕ್ಕಿಂತ ಸ್ವಾರಸ್ಯವಾದುದು ಮುಂದಿನ ಪ್ರಯೋಗ: ಹೆದರಿದವರು ಯಾರೋ ಒಬ್ಬರ ಜೊತೆಯನ್ನು ಬಯಸಲಿಲ್ಲ, ಅದೇ ಪರೀಕ್ಷೆಗೆ ಕಾದಿರುವವರ ಜೊತೆಯನ್ನೇ ಬಯಸಿದರು. ಮೊದಲ ವರ್ಷದವರು ಮೊದಲ ವರ್ಷದವರನ್ನೇ ಹುಡುಕಿಕೊಂಡು ಹೋಗುವುದೇಕೆಂಬುದು ಇದರಿಂದ ಅರ್ಥವಾಗುತ್ತದೆ. ಮನೆಯಲ್ಲಿ ನಾವು ಎಷ್ಟೇ ಪ್ರೀತಿಯಿಂದ ಊಟಕ್ಕೆ ಹಾಕಿದರೂ ನಲವತ್ತೇಳರ ಬ್ಯಾಂಕ್ ಅಧಿಕಾರಿಯು ಇಪ್ಪತ್ತೊಂದರ ಹುಡುಗನಿಗೆ ಸಹಭಯಸ್ಥನಾಗಲಾರನು.

ಮೂರನೆಯದು ಕಾಲದ ಲೆಕ್ಕ. ಇದು ನನ್ನ ವೃತ್ತಿಗೆ ಹತ್ತಿರವಾದುದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಂದಾಜಿನ ಪ್ರಕಾರ, ಪರಿಚಿತನು ಸಾಧಾರಣ ಸ್ನೇಹಿತನಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆಗಳು ಬೇಕು. ಸ್ನೇಹಿತನೆನಿಸಲು ಸುಮಾರು 90. ಆಪ್ತನಾಗಲು 200ಕ್ಕೂ ಹೆಚ್ಚು. ಪಾಠ ಕೇಳುತ್ತ ಪಕ್ಕದಲ್ಲಿ ಕುಳಿತ ಗಂಟೆಗಳು ಈ ಖಾತೆಗೆ ಅಷ್ಟಾಗಿ ಜಮೆಯಾಗುವುದಿಲ್ಲ. ಜೊತೆಗೆ ಉಣ್ಣುವುದು, ಹರಟುವುದು, ಅಲೆಯುವುದು ಜಮೆಯಾಗುತ್ತವೆ. ಹಾಸ್ಟೆಲಿನಲ್ಲಿ ದಿನಕ್ಕೆ ಮೂರು ಗಂಟೆಯಂತೆ ಜೊತೆಗಿರುವವರಿಗೆ 200 ಗಂಟೆ ತುಂಬಲು ಹತ್ತು ವಾರಗಳೂ ಬೇಡ. ಸಂಜೆ ಒಂದೂವರೆ ಗಂಟೆಯಂತೆ ವಾರಕ್ಕೆ ಐದು ದಿನ ಚಹಾ ಅಂಗಡಿಯಲ್ಲಿ ನಿಲ್ಲುವವರಿಗೆ ಇಪ್ಪತ್ತೇಳು ವಾರಗಳು. ಪಾಠ ಮುಗಿದ ಕೂಡಲೇ ಬಾಡಿಗೆ ಕೋಣೆಗೆ ಹಿಂದಿರುಗಿ ಬಾಗಿಲು ಹಾಕಿಕೊಳ್ಳುವವನ ಖಾತೆಯಲ್ಲಿ ಶೇಷ ಸೊನ್ನೆ. ನಮ್ಮ ಹುಡುಗನದು ಈ ಕೊನೆಯ ಖಾತೆ. ಅವನು ಸಂಕೋಚದ ಸ್ವಭಾವದವನೆಂದು ಅವನ ತಂದೆಯವರು ಹೇಳಿದರು, ನಾನೂ ಹಾಗೆಯೇ ತಿಳಿದಿದ್ದೆನು. ಈಗ ಹಾಗೆ ತಿಳಿಯುವುದಿಲ್ಲ; ಅವನಿಗೆ ಗಂಟೆಗಳು ಸಿಕ್ಕಿರಲಿಲ್ಲ.

ಉಪಯೋಗದ ಕಾರಣವೂ ಇಲ್ಲದಿಲ್ಲ. ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ, ಯಾವ ಅಧ್ಯಾಪಕರು ಏನನ್ನು ಬಯಸುತ್ತಾರೆಂಬ ಗುಟ್ಟು, ಇವೆಲ್ಲ ಗುಂಪಿನೊಳಗೇ ಕೈಯಿಂದ ಕೈಗೆ ಸಾಗುತ್ತವೆ. ಇದು ಎಲ್ಲರಿಗೂ ತಿಳಿದುದೇ.

ಒಂಟಿತನವು ದೇಹಕ್ಕೆ ತಗಲುವುದೆಂಬ ವಿಷಯದಲ್ಲಿ ಈಗ ಹೆಚ್ಚು ಸಂಶಯ ಉಳಿದಿಲ್ಲ. 2010ರಲ್ಲಿ ಹೋಲ್ಟ್-ಲುನ್‌ಸ್ಟಾಡ್ ಮತ್ತಿತರರು ಮೂರು ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳುಳ್ಳವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವವು ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚಾಗಿರುವುದು ಕಂಡುಬಂದಿತು. ವಿದ್ಯಾರ್ಥಿಗಳ ವಿಷಯದಲ್ಲಿ ನನ್ನ ಮನಸ್ಸಿಗೆ ಹಿಡಿಸಿದುದು ವಾಲ್ಟನ್ ಮತ್ತು ಕೋಹೆನ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗ. ‘ನಾನು ಇಲ್ಲಿಗೆ ಸೇರಿದವನಲ್ಲ’ ಎಂಬ ಅಳುಕು ಹೊಸದಾಗಿ ಬಂದ ಎಲ್ಲರಿಗೂ ಇರುತ್ತದೆ, ಕಾಲಕ್ರಮದಲ್ಲಿ ಕರಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಮೊದಲ ವರ್ಷದವರಿಗೆ ಓದಿಸಿ, ಅದನ್ನು ತಮ್ಮ ಮಾತಿನಲ್ಲಿ ಬರೆಯಿಸಿದರು. ಒಟ್ಟು ಒಂದು ಗಂಟೆಯ ಕೆಲಸ. ಅಲ್ಪಸಂಖ್ಯಾತರಾದ ಕರಿಯ ವಿದ್ಯಾರ್ಥಿಗಳಲ್ಲಿ ಮುಂದಿನ ಮೂರು ವರ್ಷಗಳ ಅಂಕಗಳು ಮೇಲೇರಿದುವು. ಆರೋಗ್ಯವೂ ಉತ್ತಮಗೊಂಡಿತೆಂದು ಅವರು ತಿಳಿಸಿದರು, ವೈದ್ಯರ ಬಳಿಗೆ ಹೋಗುವುದೂ ಕಡಿಮೆಯಾಯಿತು.

ಹಾಗೆಂದ ಮಾತ್ರಕ್ಕೆ ಗುಂಪೆಂಬುದು ಕೇವಲ ಅಮೃತವಲ್ಲ. ಆರನ್‌ಸನ್ ಮತ್ತು ಮಿಲ್ಸ್ ಅವರ 1959ರ ಪ್ರಯೋಗವು ಒಂದು ಅಹಿತಕರ ಸತ್ಯವನ್ನು ತೋರಿಸಿತು: ಒಳಸೇರುವಾಗ ಹೆಚ್ಚು ಅವಮಾನವನ್ನು ಸಹಿಸಿದವರು, ಸುಲಭವಾಗಿ ಸೇರಿದವರಿಗಿಂತ ಆ ಗುಂಪನ್ನು ಹೆಚ್ಚು ಮೆಚ್ಚುತ್ತಾರೆ. ಪಟ್ಟ ಕಷ್ಟ ವ್ಯರ್ಥವೆಂದು ಒಪ್ಪಲು ಮನಸ್ಸು ಸಿದ್ಧವಿರುವುದಿಲ್ಲ. ಕಳೆದ ವರ್ಷ ತಾನು ಅತ್ತ ಹುಡುಗನೇ ಈ ವರ್ಷ ಇನ್ನೊಬ್ಬನನ್ನು ಅಳಿಸಲು ಮುಂದಾಗುವುದಕ್ಕೆ ಇದು ಒಂದು ಕಾರಣವಿರಬೇಕು. ರ‍್ಯಾಗಿಂಗನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಆದರೂ 2023ರ ಆಗಸ್ಟಿನಲ್ಲಿ ಇದೇ ನಗರದ ಜಾದವ್‌ಪುರದಲ್ಲಿ, ಹಾಸ್ಟೆಲಿಗೆ ಬಂದು ಕೆಲವೇ ದಿನಗಳಾಗಿದ್ದ ಬಾಲಕನೊಬ್ಬನು ಮೇಲಂತಸ್ತಿನಿಂದ ಬಿದ್ದು ಸತ್ತನು. ರ‍್ಯಾಗಿಂಗಿನ ಆರೋಪದ ಮೇಲೆ ಹಲವರ ಬಂಧನವಾಯಿತು. ಆ ವಾರ ನಮ್ಮ ಬ್ಯಾಂಕಿನಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಿದ್ದ ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಇನ್ನು ಭಾಷೆಯ ಗುಂಪುಗಳು. ಇದು ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಮಾತು, ಕೆಲವರಿಗೆ ರುಚಿಸಲಾರದು. ಕನ್ನಡದ ವಿದ್ಯಾರ್ಥಿಗಳು ಬಂದರೆ ನಾವು ಯುಗಾದಿಗೆ, ರಾಜ್ಯೋತ್ಸವಕ್ಕೆ ಕರೆದು, ಬಿಸಿಬೇಳೆ ಬಾತು ಬಡಿಸಿ, ಸಮೂಹಗಾನದಲ್ಲಿ ನಿಲ್ಲಿಸಿ, ಅವರು ತಪ್ಪದೆ ಬರುತ್ತಿರಲೆಂದು ಬಯಸುತ್ತೇವೆ. ಮೊದಲ ಮೂರು ತಿಂಗಳ ಮಟ್ಟಿಗೆ ಇದು ಬಹಳ ಒಳ್ಳೆಯದು. ಹೊಸ ಊರಿನಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಉಸಿರು ಸರಾಗವಾಗುತ್ತದೆ. ಮೂರು ವರ್ಷವೂ ಹೀಗೆಯೇ ನಡೆದರೆ ಅವರಿಗೆ ನಷ್ಟ. ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1973ರಲ್ಲಿ ಪ್ರಸಿದ್ಧ ಲೇಖನವೊಂದರಲ್ಲಿ ವಾದಿಸಿದಂತೆ, ಹೊಸ ಸುದ್ದಿ, ಹೊಸ ಅವಕಾಶಗಳು ನಮಗೆ ಬರುವುದು ಅತ್ಯಂತ ಆಪ್ತರಿಂದಲ್ಲ, ದೂರದ ಪರಿಚಯಸ್ಥರಿಂದ. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದೇ ಇರುತ್ತದೆ. ಬಂಗಾಳಿ ಕಲಿಯದೆ, ಪಕ್ಕದ ಬೆಂಚಿನ ಬಿಹಾರಿ ಹುಡುಗನೊಡನೆ ಜಗಳವನ್ನಾದರೂ ಆಡದೆ, ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಹೋಗುವ ವಿದ್ಯಾರ್ಥಿಯನ್ನು ಕಂಡು ನಾವು ಸಂತೋಷಪಡಬಾರದೆಂದು ನನ್ನ ಅಭಿಪ್ರಾಯ. ಇದನ್ನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಹೇಳಿದಾಗ ಒಬ್ಬರು ಹಿರಿಯರು, “ಹಾಗಾದರೆ ಸಂಘ ಯಾಕಪ್ಪ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಡೆಂಗಿಯ ಕಾಲದಲ್ಲಿ, ಹೊಸದಾಗಿ ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೆ ವಾರಕ್ಕೊಮ್ಮೆ ನಾವೇ ಫೋನ್ ಮಾಡುವುದಕ್ಕೆ. ಅವರು ಮಾಡಲೆಂದು ಕಾಯುವುದಕ್ಕಲ್ಲ.

ಕಳೆದ ವರ್ಷದಿಂದ ಈ ಪದ್ಧತಿಯನ್ನು ಆರಂಭಿಸಿದ್ದೇವೆ. ಆರು ಸದಸ್ಯರು ವಿದ್ಯಾರ್ಥಿಗಳನ್ನು ಹಂಚಿಕೊಂಡಿದ್ದಾರೆ. ಫೋನಿನಲ್ಲಿ ಕೇಳುವುದು ಓದಿನ ವಿಷಯವನ್ನಲ್ಲ; “ನಿನ್ನೆ ರಾತ್ರಿ ಯಾರ ಜೊತೆ ಊಟ ಮಾಡಿದಿ?” ಎಂದು. ‘ಒಬ್ಬನೇ’ ಎಂಬ ಉತ್ತರ ಎರಡು ವಾರ ಸತತವಾಗಿ ಬಂದರೆ, ಯಾರಾದರೂ ಹೋಗಿ ನೋಡಿಬರುತ್ತಾರೆ. ಮನಸ್ಸು ತೀರ ಕುಗ್ಗಿದೆಯೆಂದು ಕಂಡರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯನ್ನು ಕೊಡುತ್ತೇವೆ. ಅಲ್ಲಿ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ.

ನಮ್ಮ ಹಾವೇರಿಯ ಹುಡುಗನು ಆಸ್ಪತ್ರೆಯಿಂದ ಬಂದ ಮೇಲೆ ಆ ಕೋಣೆಯನ್ನು ಬಿಟ್ಟು, ಬರ್ದ್ವಾನ್, ಪುರುಲಿಯಾ, ರಾಂಚಿ ಕಡೆಯ ಮೂವರು ಸಹಪಾಠಿಗಳೊಡನೆ ಒಂದು ಮೆಸ್ಸಿಗೆ ಸೇರಿದನು. ಸರದಿಯಂತೆ ಬಜಾರು ಮಾಡುತ್ತಾರೆ. ಸಸ್ಯಾಹಾರಿಯಾದ ಇವನಿಗಾಗಿ ಆಲೂ ಪೋಸ್ತೊ ಬೇರೆಯಾಗಿ ಆಗುತ್ತದಂತೆ. ಕಳೆದ ರಾಜ್ಯೋತ್ಸವದ ಊಟಕ್ಕೆ ಕರೆಯಲು ನಾನು ಫೋನ್ ಮಾಡಿದೆನು. ಹಿಂದಿನಿಂದ ಮೂರು ನಾಲ್ಕು ದನಿಗಳು ಬಂಗಾಳಿಯಲ್ಲಿ ಏನನ್ನೋ ಕುರಿತು ವಾದಿಸುತ್ತಿದ್ದುವು. “ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ, ಈ ಸಲ ಬರಾಕ ಆಗೂದಿಲ್ಲ. ನಾವೆಲ್ಲಾರೂ ದೀಘಾಕ್ಕ ಹೊಂಟೀವಿ” ಎಂದನು. ಅವನ ಪಾಲಿನ ಹೋಳಿಗೆಯನ್ನು ಡಬ್ಬಿಯಲ್ಲಿ ಹಾಕಿ, ಮರುದಿನ ಆ ಮೆಸ್ಸಿನ ಮನೆಯೊಡತಿಯ ಬಳಿ ಕೊಟ್ಟುಬಂದೆನು. ನಾಲ್ವರಿಗೆ ಸಾಲುವಷ್ಟು.